ನೇತ್ರಾಣಿ ದ್ವೀಪಕ್ಕೆ ಹೊರಟ ಕಲಬುರಗಿಯವರಿಗೆ: ಸ್ಕೂಬಾ ಫಾರ್ಮಿಗೆ ಸಹಿ ಹಾಕುವ ಮೊದಲು

ಸ್ಕೂಬಾ ಡೈವಿಂಗಿಗೆ, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಡಿ ಇಳಿಯುವುದಕ್ಕೆ, ಎಲ್ಲಿಗೇ ಹೋಗಿ, ನೀರಿಗೆ ಇಳಿಸುವ ಮೊದಲು ಎರಡು ಕಾಗದ ಕೈಗೆ ಕೊಡುತ್ತಾರೆ. ಒಂದು ಆರೋಗ್ಯದ ಪ್ರಶ್ನೆಪಟ್ಟಿ. ಇನ್ನೊಂದು ಒಪ್ಪಿಗೆ ಪತ್ರ. ಇದರಲ್ಲಿ ಪ್ರಾಣಾಪಾಯ ಇದೆ ಅನ್ನುವುದು ನನಗೆ ಗೊತ್ತು, ಗೊತ್ತಿದ್ದೇ ಒಪ್ಪಿದ್ದೇನೆ ಅನ್ನುವ ಅರ್ಥದ್ದು. ಕಲಬುರಗಿ, ಬೀದರ, ಯಾದಗಿರಿಯಿಂದ ರಾತ್ರಿಯಿಡೀ ಗಾಡಿ ಓಡಿಸಿಕೊಂಡು ಬಂದ ಗೆಳೆಯರ ಗುಂಪು ಮುರ್ಡೇಶ್ವರದಲ್ಲಿ ಬೆಳಗಾಗುತ್ತಲೇ ಆ ಕಾಗದಗಳನ್ನು ಹೇಗೆ ತುಂಬುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಒಬ್ಬನ ಬೆನ್ನ ಮೇಲೆ ಇನ್ನೊಬ್ಬ ಕಾಗದ ಇಟ್ಟು, ಎಲ್ಲ ಪ್ರಶ್ನೆಗೂ ‘ಇಲ್ಲ’ ಎಂದು ಟಿಕ್ ಹಾಕಿ, ಕೆಳಗೊಂದು ಸಹಿ. “ಎಲ್ಲಾರೂ ಹಾಕ್ಯಾರ, ನೀನೂ ಹಾಕಿ ಬಿಡಪಾ” ಅನ್ನುವ ಮಾತು ಬೇರೆ.

ಆ ಸಹಿಯ ಬಗ್ಗೆ ಎರಡು ತಪ್ಪು ತಿಳಿವಳಿಕೆ ಇವೆ. ಸಹಿ ಹಾಕಿ ದುಡ್ಡು ಕೊಟ್ಟೆವು, ಇನ್ನು ನಮ್ಮ ಜೀವದ ಹೊಣೆ ಅವರದು ಅನ್ನುವುದು ಒಂದು. ಸಹಿ ಹಾಕಿಸಿಕೊಂಡರು, ಇನ್ನು ಅವರನ್ನು ಏನೂ ಕೇಳುವಂತಿಲ್ಲ ಅನ್ನುವುದು ಇನ್ನೊಂದು. ಎರಡೂ ಸರಿಯಲ್ಲ. ದೋಣಿ, ಸಿಲಿಂಡರ್, ತರಬೇತಿ ಪಡೆದ ಇನ್‌ಸ್ಟ್ರಕ್ಟರ್, ತುರ್ತಿಗೆ ಆಮ್ಲಜನಕ, ಇವೆಲ್ಲ ಅವರ ಪಾಲು. ನಿಮ್ಮ ದೇಹದ ಬಗ್ಗೆ ನಿಜ ಹೇಳುವುದು, ಉಸಿರು ನಿಲ್ಲಿಸದೆ ಇರುವುದು, ಕಿವಿಯ ಒತ್ತಡ ಬಿಡಿಸಿಕೊಳ್ಳುವುದು, ಬೇಡ ಅನಿಸಿದಾಗ ಬೇಡ ಅನ್ನುವುದು, ಇವು ನಿಮ್ಮ ಪಾಲು. ಇನ್‌ಸ್ಟ್ರಕ್ಟರ್ ನಿಮ್ಮ ಸಿಲಿಂಡರನ್ನೇ ಹಿಡಿದುಕೊಂಡು ಪಕ್ಕದಲ್ಲಿದ್ದರೂ ಈ ನಾಲ್ಕನ್ನು ನಿಮ್ಮ ಪರವಾಗಿ ಮಾಡಲು ಅವರಿಂದ ಆಗುವುದಿಲ್ಲ. ಈ ಲೇಖನ ಮುಖ್ಯವಾಗಿ ನಿಮ್ಮ ಪಾಲಿನ ಕೆಲಸದ ಬಗ್ಗೆ. ಅರ್ಧ ಕೆಲಸ ಮನೆಯಲ್ಲೇ ಮುಗಿಯಬೇಕು.

1. ಏನನ್ನು ಬುಕ್ ಮಾಡುತ್ತಿದ್ದೀರಿ?

ನೇತ್ರಾಣಿ ಅಂದರೆ ಮುರ್ಡೇಶ್ವರದ ದಡದಿಂದ ಸುಮಾರು 19 ಕಿ.ಮೀ. ದೂರ ಸಮುದ್ರದಲ್ಲಿರುವ ಪುಟ್ಟ ದ್ವೀಪ. ಮಳೆಗಾಲದಲ್ಲಿ ಅಲ್ಲಿ ಡೈವಿಂಗ್ ಬಂದ್. ಉಳಿದ ತಿಂಗಳುಗಳಲ್ಲಿ ಎರಡು ತರಹದ ಜನ ಅಲ್ಲಿ ನೀರಿಗಿಳಿಯುತ್ತಾರೆ. ಲೈಸೆನ್ಸ್ ಇಲ್ಲದೆ, ಇನ್‌ಸ್ಟ್ರಕ್ಟರ್ ಜೊತೆಗೆ ಒಮ್ಮೆ ನೋಡಿ ಬರುವವರು ಜಾಸ್ತಿ. ಇದಕ್ಕೆ ‘ಟ್ರೈ ಡೈವ್’ ಅಥವಾ ‘ಡಿಸ್ಕವರ್ ಸ್ಕೂಬಾ’ ಅನ್ನುತ್ತಾರೆ. ಡೈವಿಂಗ್ ಕಲಿಸಿ ಸರ್ಟಿಫಿಕೇಟ್ ಕೊಡುವ ಪಾಡಿ ಸಂಸ್ಥೆಯ ನಿಯಮದಂತೆ ಇದರಲ್ಲಿ 12 ಮೀಟರಿಗಿಂತ ಕೆಳಗೆ ಇಳಿಯುವಂತಿಲ್ಲ. ಇನ್ನೊಂದು ‘ಓಪನ್ ವಾಟರ್’ ಕೋರ್ಸ್. ಕೆಲವು ದಿನದ ಪಾಠ, ಪರೀಕ್ಷೆ, ಈಜಿನ ಪರೀಕ್ಷೆ ಎಲ್ಲ ಇರುತ್ತದೆ. ಅದು ಮುಗಿದರೆ 18 ಮೀಟರ್ ತನಕ ಜೊತೆಗಾರನೊಂದಿಗೆ ಹೋಗಬಹುದು.

ವ್ಯತ್ಯಾಸ ಆಳದ್ದು ಮಾತ್ರ ಅಲ್ಲ. ಟ್ರೈ ಡೈವಿನಲ್ಲಿ ನಿಮಗೆ ಹೇಳಿಕೊಡುವುದು ನಾಲ್ಕೈದು ಸಂಗತಿ ಅಷ್ಟೇ. ಗಾಳಿ ಎಷ್ಟು ಉಳಿದಿದೆ, ಎಷ್ಟು ಆಳ, ಯಾವಾಗ ಮೇಲೆ ಹೋಗಬೇಕು ಅನ್ನುವುದನ್ನೆಲ್ಲ ಇನ್ನೊಬ್ಬರು ನೋಡಿಕೊಳ್ಳುತ್ತಾರೆ. ಅಂದರೆ ನಿಮ್ಮ ಜೀವದ ದೊಡ್ಡ ಭಾಗವನ್ನು ಅರ್ಧ ದಿನದ ಪರಿಚಯದವರ ಕೈಗೆ ಕೊಡುತ್ತಿದ್ದೀರಿ. ಕೊಡಬಾರದು ಅಂತಲ್ಲ. ಕೊಡುತ್ತಿದ್ದೇನೆ ಅಂತ ಗೊತ್ತಿರಲಿ. ಈ ಆಟ ಮೂರ್ನಾಲ್ಕು ಸಲ ಆಡುವ ಮನಸ್ಸಿದ್ದರೆ ಕೋರ್ಸ್ ಮಾಡುವುದೇ ಮೇಲು ಅನ್ನುವುದು ನನ್ನ ಅಭಿಪ್ರಾಯ.

2. ಆರೋಗ್ಯದ ಫಾರ್ಮನ್ನು ಕಲಬುರಗಿಯಲ್ಲೇ ತುಂಬಿ

ಇದನ್ನು ದೋಣಿ ಹತ್ತುವ ಹೊತ್ತಿಗೆ ಬಿಡಬೇಡಿ. ಬುಕ್ ಮಾಡುವಾಗಲೇ ಫಾರ್ಮನ್ನು ವಾಟ್ಸಾಪಿನಲ್ಲಿ ಕಳಿಸಿ ಅಂತ ಕೇಳಿ. ಬಹಳ ಕಡೆ ಬಳಕೆಯಲ್ಲಿರುವ ಫಾರ್ಮಿನ ಮೊದಲ ಪುಟದಲ್ಲಿ ಹತ್ತು ಪ್ರಶ್ನೆ ಇರುತ್ತವೆ. ಎದೆ, ಶ್ವಾಸಕೋಶ, ರಕ್ತದ ತೊಂದರೆ ಇತ್ತೇ? 45 ದಾಟಿದ್ದೀರಾ? ಕಿವಿ, ಸೈನಸ್ ತೊಂದರೆ? ಒಂದು ವರ್ಷದೊಳಗೆ ಆಪರೇಷನ್? ಪ್ರಜ್ಞೆ ತಪ್ಪಿದ್ದು, ಫಿಟ್ಸ್, ಮೈಗ್ರೇನ್? ಮನಸ್ಸಿನ ತೊಂದರೆಗೆ ಚಿಕಿತ್ಸೆ? ಬೆನ್ನು ನೋವು, ಹರ್ನಿಯಾ, ಸಕ್ಕರೆ ಕಾಯಿಲೆ? ಯಾವುದಾದರೂ ಗುಳಿಗೆ ತೆಗೆದುಕೊಳ್ಳುತ್ತಿದ್ದೀರಾ? ಕೆಲವಕ್ಕೆ ‘ಹೌದು’ ಅಂದರೆ ಮುಂದಿನ ಪುಟದಲ್ಲಿ ಇನ್ನಷ್ಟು ಪ್ರಶ್ನೆ ಬರುತ್ತವೆ. ಕೆಲವಕ್ಕೆ ನೇರವಾಗಿ ಡಾಕ್ಟರ ಸಹಿ ಬೇಕಾಗುತ್ತದೆ.

ಇಲ್ಲೇ ನಮ್ಮವರು ಸುಳ್ಳು ಬರೆಯುವುದು. “ಬಿಪಿ ಗುಳಿಗಿ ತಗೋತೀನಿ ಅಂತ ಬರದ್ರ ನೀರಾಗ ಬಿಡಂಗಿಲ್ರಿ, ಅದಕ್ಕ ಬರಿಲಿಲ್ಲ” ಅನ್ನುತ್ತಾರೆ. ಬಿಪಿ ಇದ್ದವರೆಲ್ಲ ಡೈವ್ ಮಾಡಬಾರದು ಅಂತೇನಿಲ್ಲ. ಹಿಡಿತದಲ್ಲಿದ್ದರೆ ಡಾಕ್ಟರು ನೋಡಿ ಒಪ್ಪಬಹುದು. ತೊಂದರೆ ಬರುವುದು ಮುಚ್ಚಿಟ್ಟರೆ. ನೀರಿನ ಅಡಿಯಲ್ಲಿ ನಿಮಗೆ ಎದೆ ಹಿಡಿದುಕೊಂಡರೆ, ಕಾರಣ ಏನಿರಬಹುದು ಅಂತ ಪಕ್ಕದಲ್ಲಿರುವ ಇನ್‌ಸ್ಟ್ರಕ್ಟರಿಗೆ ಹೊಳೆಯುವುದಿಲ್ಲ. ಡೈವಿಂಗ್ ಅಪಘಾತಗಳ ಲೆಕ್ಕ ಇಡುವ ಡೈವರ್ಸ್ ಅಲರ್ಟ್ ನೆಟ್‌ವರ್ಕ್, ಚಿಕ್ಕದಾಗಿ ಡ್ಯಾನ್, 1992ರಿಂದ 2003ರ ನಡುವಿನ 947 ಸಾವುಗಳನ್ನು ಪರಿಶೀಲಿಸಿತ್ತು. ಸಾವಿಗೆ ದೂಡಿದ ದೇಹದ ತೊಂದರೆ ಯಾವುದು ಅಂತ ಗೊತ್ತಾದ ಪ್ರಕರಣಗಳಲ್ಲಿ ಸುಮಾರು ಕಾಲು ಭಾಗ ಹೃದಯಕ್ಕೆ ಸಂಬಂಧಿಸಿದವು. ಸಮುದ್ರದಲ್ಲಿ ಸತ್ತವರೆಲ್ಲ ತಿಮಿಂಗಿಲ ಕಂಡು ಸತ್ತವರಲ್ಲ.

ಆಸ್ತಮಾ, ಫಿಟ್ಸ್, ಹಿಂದೊಮ್ಮೆ ಶ್ವಾಸಕೋಶದಿಂದ ಗಾಳಿ ಸೋರಿದ್ದು, ಇವನ್ನು ಯಾವ ಕಾರಣಕ್ಕೂ ಮುಚ್ಚಿಡಬೇಡಿ. ಗರ್ಭಿಣಿಯರು ಡೈವ್ ಮಾಡಬಾರದು. ಶೀತ, ಮೂಗು ಕಟ್ಟಿದ್ದರೆ ಆ ದಿನ ಇಳಿಯಬಾರದು. ಮೂಗು ಬಿಡಿಸುವ ಗುಳಿಗೆ ನುಂಗಿ ಇಳಿದರೆ ಅದರ ಪ್ರಭಾವ ಕೆಳಗಿರುವಾಗಲೇ ಮುಗಿದು, ಮೇಲೆ ಬರುವಾಗ ಕಿವಿಯೊಳಗಿನ ಗಾಳಿಗೆ ದಾರಿ ಸಿಗದೆ ಹೋಗಬಹುದು.

ಡಾಕ್ಟರ ಹತ್ತಿರ ಹೋಗುವಾಗ ಆ ಫಾರ್ಮನ್ನೇ ಪ್ರಿಂಟ್ ಮಾಡಿಕೊಂಡು ಹೋಗಿ. ಸುಮ್ನೆ “ಫಿಟ್ ಅಂತ ಒಂದು ಚೀಟಿ ಬರಕೊಡ್ರಿ ಡಾಕ್ಟ್ರೇ” ಅನ್ನಬೇಡಿ. ಸಮುದ್ರ ಎಲ್ಲೋ ಇರುವ ನಮ್ಮ ಊರಿನಲ್ಲಿ ಡೈವಿಂಗ್ ಕೇಸು ನೋಡಿದ ಡಾಕ್ಟರು ಸಿಗುವುದು ಅಪರೂಪ. ಫಾರ್ಮಿನ ಜೊತೆಗೆ ಡಾಕ್ಟರಿಗೆ ಮಾರ್ಗಸೂಚಿಯೂ ಸಿಗುತ್ತದೆ, ಅದನ್ನೂ ಕೊಡಿ.

3. ಫೋನಿನಲ್ಲೇ ಕೇಳಬೇಕಾದ್ದು

ರೇಟು, ವಿಡಿಯೊ ಫ್ರೀ ಇದೆಯಾ, ಊಟ ಇದೆಯಾ ಅಂತ ಎಲ್ಲರೂ ಕೇಳುತ್ತಾರೆ. ಅದರ ಜೊತೆಗೆ ಇವನ್ನೂ ಕೇಳಿ. ಇನ್‌ಸ್ಟ್ರಕ್ಟರ್ ಯಾವ ಸಂಸ್ಥೆಯಿಂದ ಸರ್ಟಿಫೈ ಆಗಿದ್ದಾರೆ, ನಂಬರ್ ಏನು? ನಂಬರ್ ಕೊಟ್ಟರೆ ಆ ಸಂಸ್ಥೆಯ ವೆಬ್‌ಸೈಟಿನಲ್ಲಿ ನೋಡಬಹುದು. ನೀರಿನಲ್ಲಿ ಒಬ್ಬ ಇನ್‌ಸ್ಟ್ರಕ್ಟರಿಗೆ ಎಷ್ಟು ಜನ? ಮೊದಲ ಸಲ ಇಳಿಯುವವರಿಗೆ ಒಬ್ಬರಿಗೊಬ್ಬರು ಇದ್ದರೆ ಒಳ್ಳೆಯದು. ದೋಣಿಯಲ್ಲಿ ಆಮ್ಲಜನಕದ ಕಿಟ್ ಇದೆಯಾ, ಕೊಡಲು ಬರುವವರು ಇದ್ದಾರಾ? ಲೈಫ್ ಜಾಕೆಟ್ ಎಲ್ಲರಿಗೂ ಸಾಕಾಗುವಷ್ಟು ಇದೆಯಾ? ಹವಾಮಾನ ಕೆಟ್ಟರೆ ದುಡ್ಡು ವಾಪಸ್ಸಾ? ನಾನೇ ಬೇಡ ಅಂದರೆ ಏನು?

ಕೊನೆಯ ಎರಡು ದುಡ್ಡಿನ ಪ್ರಶ್ನೆ ಅನಿಸಬಹುದು, ಆದರೆ ಅವು ಜೀವದ ಪ್ರಶ್ನೆಗಳೇ. ದುಡ್ಡು ಹೋಗುತ್ತದೆ ಅನ್ನುವ ಸಂಕಟದಲ್ಲೇ ಜನ ಇಳಿಯಬಾರದ ದಿನ ಇಳಿಯುತ್ತಾರೆ. ವಾಪಸ್ ಬರುವುದಿಲ್ಲ ಅಂದರೆ ಆ ಹಣವನ್ನು ಮನಸ್ಸಿನಲ್ಲಿ ಈಗಲೇ ಖರ್ಚು ಹಾಕಿಬಿಡಿ.

ಉತ್ತರಕ್ಕಿಂತ ಉತ್ತರ ಕೊಡುವ ರೀತಿ ಗಮನಿಸಿ. “ಏನೂ ಆಗಲ್ಲ ಸರ್, ಈಜು ಬರದಿದ್ದರೂ ಪರವಾಗಿಲ್ಲ, ಆರೋಗ್ಯ ಎಲ್ಲ ನಾವು ನೋಡ್ಕೋತೀವಿ” ಅಂತ ಒಂದೇ ಉಸಿರಿನಲ್ಲಿ ಹೇಳುವವರನ್ನು ನಾನಾದರೆ ಬಿಡುತ್ತೇನೆ. ಟ್ರೈ ಡೈವಿಗೆ ಈಜು ಕಡ್ಡಾಯ ಅಲ್ಲ ಅನ್ನುವುದು ನಿಜವೇ. ಆದರೆ ಏನೂ ಆಗಲ್ಲ ಅನ್ನುವುದು ನಿಜವಲ್ಲ. ಅದು ನಿಜವಾಗಿದ್ದರೆ ಆ ಒಪ್ಪಿಗೆ ಪತ್ರವೇ ಬೇಕಿರಲಿಲ್ಲ, ಅಲ್ವಾ?

4. ಒಪ್ಪಿಗೆ ಪತ್ರ, ವಿಮೆ, ಕೋರ್ಟು

ಪತ್ರವನ್ನೂ ಮೊದಲೇ ತರಿಸಿಕೊಂಡು ಓದಿ. ಇಂಗ್ಲಿಷಿನಲ್ಲಿ ಇರುತ್ತದೆ. ಅರ್ಥ ಆಗದಿದ್ದರೆ ಗೊತ್ತಿರುವವರ ಹತ್ತಿರ ಓದಿಸಿ. ಡೈವಿಂಗಿನ ಸಹಜ ಅಪಾಯಗಳನ್ನು ನೀವು ಒಪ್ಪಿದ್ದೀರಿ ಅನ್ನುವುದು ಅದರ ತಿರುಳು. ಅಲೆ, ಸೆಳೆತ, ಕಿವಿ ನೋವು, ಜೆಲ್ಲಿ ಮೀನಿನ ಕಡಿತ, ದಡ ಮತ್ತು ಆಸ್ಪತ್ರೆ ದೂರ ಇರುವುದು ಇಂಥವೆಲ್ಲ ಅದರಲ್ಲಿ ಬರುತ್ತವೆ. ಇವಕ್ಕೆ ಯಾರನ್ನೂ ದೂರುವಂತಿಲ್ಲ.

ಆದರೆ ಕೆಟ್ಟ ಸಾಮಾನು ಕೊಟ್ಟದ್ದು, ಅರ್ಧಕ್ಕೆ ಕೈಬಿಟ್ಟು ಹೋದದ್ದು ಸೇವೆಯ ಕೊರತೆ. ಸಹಿ ಹಾಕಿದ್ದೀರಿ ಅಂದ ಮಾತ್ರಕ್ಕೆ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಎರಡು ವರ್ಷದ ಒಳಗೆ. ಅಂದರೆ ಕಾರವಾರಕ್ಕೆ ಅಲೆಯಬೇಕಿಲ್ಲ. ರಶೀದಿ, ವಾಟ್ಸಾಪ್ ಮಾತು, ಪತ್ರದ ಫೋಟೊ ಇಟ್ಟುಕೊಳ್ಳಿ. ಹದಿನೆಂಟು ತುಂಬದವರ ಸಹಿಗೆ ಕಾನೂನಿನಲ್ಲಿ ಬೆಲೆ ಇಲ್ಲ. ಪಿಯುಸಿ ಹುಡುಗನನ್ನು ಗೆಳೆಯರ ಜೊತೆ ಕಳಿಸುವ ಅಪ್ಪ ಅವ್ವ ಫಾರ್ಮನ್ನು ತಾವೇ ಓದಿ, ತಾವೇ ಸಹಿ ಹಾಕಬೇಕು.

ವಿಮೆಯ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ನಮ್ಮ ಆರೋಗ್ಯ ವಿಮೆಗಳ ‘ಹೊರಗಿಟ್ಟವು’ ಪಟ್ಟಿಯಲ್ಲಿ ಸಾಹಸ ಕ್ರೀಡೆ ಅಂತ ಒಂದು ಸಾಲು ಇರುತ್ತದೆ, ಅದರಲ್ಲಿ ಸ್ಕೂಬಾ ಹೆಸರೂ ಇದೆ. ಆದರೆ ವಿಮಾ ನಿಯಂತ್ರಣ ಪ್ರಾಧಿಕಾರ ಕೊಟ್ಟ ಮಾದರಿ ಒಕ್ಕಣೆಯಲ್ಲಿ ಅದು ವೃತ್ತಿಯಾಗಿ ಆ ಕ್ರೀಡೆಯಲ್ಲಿ ಭಾಗವಹಿಸುವವರಿಗೆ ಅನ್ವಯ. ಪ್ರವಾಸ ವಿಮೆ, ಅಪಘಾತ ವಿಮೆಗಳ ಮಾತು ಬೇರೆ. ಅವು ಹವ್ಯಾಸಿಗಳನ್ನೂ ಹೊರಗಿಡಬಹುದು. ನಿಮ್ಮ ಪಾಲಿಸಿಯ ಆ ಒಂದು ಸಾಲು ಹುಡುಕಿ ಓದಿ. ಏಜೆಂಟ್ ಬಾಯಿಮಾತಿನಲ್ಲಿ “ಎಲ್ಲಾ ಕವರ್ ಆಗ್ತದ್ರಿ ಅಣ್ಣಾ” ಅಂದದ್ದು ಲೆಕ್ಕಕ್ಕಿಲ್ಲ.

ಮನೆಯವರಿಗೆ ಹೇಳಿ ಹೋಗಿ. ‘ಮುರ್ಡೇಶ್ವರ ಗುಡಿಗೆ’ ಅಂತ ಹೇಳಿ ಹೋಗಿ ಸ್ಕೂಬಾ ಮಾಡುವ ಹುಡುಗರು ಬೇಕಾದಷ್ಟು. ನೀವು ಒಪ್ಪುವ ಅಪಾಯದ ಪಾಲು ಅವರಿಗೂ ಬರುತ್ತದೆ.

5. ದಾರಿ

ಕಲಬುರಗಿಯಿಂದ ವಿಜಯಪುರ, ಹುಬ್ಬಳ್ಳಿ, ಯಲ್ಲಾಪುರ, ಅಂಕೋಲೆ ಮೇಲೆ ಹೋದರೆ ಐನೂರು ಕಿ.ಮೀ. ದಾಟುತ್ತದೆ. ಬೀದರದಿಂದ ಇನ್ನೂ ಜಾಸ್ತಿ. ಶುಕ್ರವಾರ ಸಂಜೆ ಹೊರಟು, ಶನಿವಾರ ಬೆಳಿಗ್ಗೆ ಸೀದಾ ದೋಣಿ ಹತ್ತುವ ಪ್ಲ್ಯಾನ್ ಮಾಡಬೇಡಿ. ನಿದ್ದೆ ಇಲ್ಲದ, ನೀರು ಕುಡಿಯದ, ರಾತ್ರಿ ಢಾಬಾದಲ್ಲಿ ಎರಡು ಪೆಗ್ ಹಾಕಿದ ದೇಹವನ್ನು ಸಮುದ್ರಕ್ಕೆ ಒಯ್ಯುವುದು ಹುಚ್ಚುತನ. ಒಂದು ರಾತ್ರಿ ಅಲ್ಲಿ ಮಲಗಿ, ಮರುದಿನ ಇಳಿಯಿರಿ. ದ್ವೀಪಕ್ಕೆ ದೋಣಿಯಲ್ಲೇ ಬಹಳ ಹೊತ್ತು ಹೋಗಬೇಕು, ಸಮುದ್ರ ನೋಡದವರಿಗೆ ಹೊಟ್ಟೆ ತೊಳಸುವುದು ಗ್ಯಾರಂಟಿ. ಖಾರದ ಶೇಂಗಾ ಹಿಂಡಿ, ರೊಟ್ಟಿ ಕಟ್ಟಿಕೊಂಡು ಹೋಗಿ, ಆದರೆ ಡೈವ್ ಆದ ಮೇಲೆ ತಿನ್ನಿ. ವಾಂತಿ ಗುಳಿಗೆ ಬೇಕಿದ್ದರೆ ಡಾಕ್ಟರನ್ನು ಮೊದಲೇ ಕೇಳಿ. ಕೆಲವು ಗುಳಿಗೆಗಳಿಂದ ಮಂಪರು ಬರುತ್ತದೆ.

6. ಬಾವಿಯಲ್ಲಿ ಈಜಿದವರು ಮರೆಯಬೇಕಾದ್ದು

ನಮ್ಮ ಕಡೆ ಈಜು ಕಲಿಯುವುದು ಬಾವಿಯಲ್ಲಿ, ಭೀಮೆಯಲ್ಲಿ, ಶಹಾಬಾದ್ ಕಡೆಯ ನೀರು ತುಂಬಿದ ಕಲ್ಲು ಖಣಿಗಳಲ್ಲಿ. ಬೇಸಿಗೆಯಲ್ಲಿ ನಾಲ್ಕಾಳು ನೀರಿರುವ ಬಾವಿಗೆ ಮೇಲಿನಿಂದ ಜಿಗಿದು, ತಳದ ಮಣ್ಣು ಹಿಡಿದು ಬರುವುದು ಇಲ್ಲಿ ಗಂಡಸುತನದ ಪರೀಕ್ಷೆ. ಆ ಧೈರ್ಯ ಸಮುದ್ರದಲ್ಲಿ ಉಪಯೋಗಕ್ಕೆ ಬರುತ್ತದೆ. ಆದರೆ ಬಾವಿ ಕಲಿಸಿದ ಒಂದು ಅಭ್ಯಾಸ ಸ್ಕೂಬಾದಲ್ಲಿ ಜೀವ ತೆಗೆಯಬಹುದು: ಉಸಿರು ಕಟ್ಟುವುದು.

ಕಾರಣ ಸರಳ. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒಂದು ವಾತಾವರಣದಷ್ಟು ಒತ್ತಡ ಕೂಡುತ್ತದೆ. ಮೇಲ್ಮೈಯಲ್ಲಿ 1 ಇದ್ದದ್ದು 10 ಮೀಟರಿನಲ್ಲಿ 2, 20 ಮೀಟರಿನಲ್ಲಿ 3. ಒತ್ತಡ ಎರಡು ಪಟ್ಟಾದರೆ ಗಾಳಿಯ ಗಾತ್ರ ಅರ್ಧ. ಒಂದು ತೆಳ್ಳನೆ ನೀರಿನ ಬಾಟಲಿಯ ಮುಚ್ಚಳ ಬಿಗಿ ಮಾಡಿ, ಕಲ್ಲು ಕಟ್ಟಿ, ತಿಳಿನೀರಿನ ಆಳದ ಬಾವಿಗೆ ಬಿಡಿ. ಕೆಳಗೆ ಹೋದಂತೆ ನಗ್ಗುತ್ತದೆ, ಮೇಲೆ ಎಳೆದರೆ ಮತ್ತೆ ಮೊದಲಿನ ಆಕಾರಕ್ಕೆ ಬರುತ್ತದೆ. ಉಸಿರು ಕಟ್ಟಿ ಮುಳುಗುವವನ ಎದೆ ಹೀಗೆ. ಮೇಲಿಂದ ತುಂಬಿಕೊಂಡು ಹೋದ ಗಾಳಿ ಮೇಲೆ ಬರುವಾಗ ಮೊದಲಿದ್ದಷ್ಟೇ ಆಗುತ್ತದೆ.

ಈಗ ಅದೇ ಬಾಟಲಿಗೆ 10 ಮೀಟರ್ ಕೆಳಗೆ, ಅಲ್ಲಿನ ಒತ್ತಡದಲ್ಲೇ, ಪೂರ್ತಿ ಗಾಳಿ ತುಂಬಿ ಮುಚ್ಚಳ ಹಾಕಿದರು ಅನ್ನಿ. ಮೇಲೆ ಬರುವಾಗ ಒಳಗಿನ ಗಾಳಿ ಎರಡು ಪಟ್ಟು ಜಾಗ ಕೇಳುತ್ತದೆ. ಬಾಟಲಿ ಒಡೆಯುತ್ತದೆ. ಸ್ಕೂಬಾ ಸಿಲಿಂಡರಿನಿಂದ ಉಸಿರಾಡುವವನ ಎದೆಯಲ್ಲಿರುವುದು ಈ ಎರಡನೇ ತರಹದ ಗಾಳಿ. ಬಾಯಲ್ಲಿ ಕಚ್ಚಿಕೊಳ್ಳುವ ರೆಗ್ಯುಲೇಟರ್ ಆ ಆಳದ ಒತ್ತಡಕ್ಕೆ ಸರಿಯಾಗಿ ಗಾಳಿ ಕೊಡುತ್ತದೆ. ಅದನ್ನು ತುಂಬಿಕೊಂಡು ಬಾಯಿ ಮುಚ್ಚಿ ಮೇಲೆ ಹಾರಿದರೆ ಶ್ವಾಸಕೋಶ ಹರಿಯಬಹುದು. ಗಾಳಿಯ ಗುಳ್ಳೆ ರಕ್ತಕ್ಕೆ ಸೇರಿ ಮೆದುಳಿಗೆ ಹೋದರೆ ನಿಮಿಷಗಳಲ್ಲಿ ಲಕ್ವ, ಪ್ರಜ್ಞೆ ತಪ್ಪುವುದು, ಸಾವು. ಇದಕ್ಕೆ ದೊಡ್ಡ ಆಳ ಬೇಕಿಲ್ಲ. ಎದೆ ತುಂಬ ಉಸಿರು ಕಟ್ಟಿಕೊಂಡು ಬಂದರೆ ಒಂದೂವರೆ ಮೀಟರಿನಷ್ಟು ಏರಿದರೂ ಸಾಕು. ಮೇಲ್ಮೈಗೆ ಹತ್ತಿರವಿದ್ದಷ್ಟೂ ಗಾಳಿ ಹಿಗ್ಗುವ ವೇಗ ಜಾಸ್ತಿ. 10 ಮೀಟರಿನಿಂದ ಮೇಲ್ಮೈಗೆ ಬಂದರೆ ಎರಡು ಪಟ್ಟಾಗುತ್ತದೆ, 30ರಿಂದ 20ಕ್ಕೆ ಬಂದರೆ ಹೆಚ್ಚಾಗುವುದು ಮೂರನೇ ಒಂದು ಭಾಗ ಅಷ್ಟೇ. ಹಾಗಾಗಿ ‘ಸ್ವಲ್ಪ ಆಳ, ಏನಾಗ್ತದ’ ಅನ್ನುವ ಮಾತು ಇಲ್ಲಿ ತಿರುಗಾ ಮುರುಗಾ.

ಕಣ್ಣು, ಮೂಗು ಮುಚ್ಚುವ ಮಾಸ್ಕಿಗೆ ನೀರು ನುಗ್ಗಿ ಗಾಬರಿಯಾದಾಗ ಬಾವಿ ಈಜುಗಾರನ ದೇಹ ತಾನಾಗಿ ಮಾಡುವುದು ಎರಡೇ: ಉಸಿರು ಬಿಗಿಹಿಡಿ, ಮೇಲಕ್ಕೆ ಜಿಗಿ. ಎರಡೂ ತಪ್ಪು. ಇದನ್ನು ಪಾಠ ಕೇಳಿ ಬಿಡಿಸಲಾಗದು, ಅಭ್ಯಾಸದಿಂದಲೇ ಬಿಡಿಸಬೇಕು. ಹೋಗುವ ಮೊದಲ ಕೆಲವು ವಾರ ಈಜುಕೊಳದಲ್ಲಿ ಸ್ನಾರ್ಕಲ್ (ಬಾಯಲ್ಲಿಟ್ಟು ಉಸಿರಾಡುವ ಕೊಳವೆ) ಹಾಕಿ, ಮುಖ ನೀರಿನಲ್ಲಿ ಅದ್ದಿ, ಬಾಯಿಯಿಂದ ನಿಧಾನ ಉಸಿರಾಡುತ್ತ ತೇಲಿ. ಮಾಸ್ಕಿನಲ್ಲಿ ಸ್ವಲ್ಪ ನೀರು ಇಟ್ಟುಕೊಂಡೇ ಉಸಿರಾಡಿ. ಮೂಗಿಗೆ ನೀರು ತಾಗಿದರೂ ಉಸಿರು ನಿಲ್ಲಬಾರದು. ದಡದಲ್ಲಿ ಯಾರಾದರೂ ಇರಲಿ.

ಇನ್ನೊಂದು ಮಾತು. ಈ ಆಸೆಯನ್ನು ಊರಲ್ಲೇ ತೀರಿಸಿಕೊಳ್ಳುತ್ತೇನೆ ಅಂತ ಪಂಕ್ಚರ್ ಅಂಗಡಿಯ ಕಂಪ್ರೆಸರಿಗೆ ಪೈಪ್ ಜೋಡಿಸಿ ಬಾವಿಗೋ ಕಾರಂಜಾ ಹಿನ್ನೀರಿಗೋ ಇಳಿಯುವ ಸಾಹಸ ಬೇಡವೇ ಬೇಡ. ಟೈರಿನ ಗಾಳಿ ಉಸಿರಾಟದ ಗಾಳಿ ಅಲ್ಲ. ಅದರಲ್ಲಿ ಎಣ್ಣೆಯ ಹೊಗೆ, ಇಂಜಿನ್ನಿನ ವಿಷಾನಿಲ ಸೇರಿರಬಹುದು. ಅದರ ಮೇಲೆ, ಈಗ ಹೇಳಿದ ಎದೆ ಹರಿಯುವ ಲೆಕ್ಕ ಬಾವಿಯಲ್ಲೂ ಅದೇ.

7. ಕಿವಿ

ಇಳಿಯುವಾಗ ಮೊದಲು ನೋಯುವುದು ಕಿವಿ. ಮೂಗು ಹಿಡಿದು, ಬಾಯಿ ಮುಚ್ಚಿ ಮೆಲ್ಲಗೆ ಊದಿದರೆ ಕಿವಿಯಲ್ಲಿ ‘ಟಪ್’ ಅನ್ನುತ್ತದೆ, ಒತ್ತಡ ಸರಿಹೋಗುತ್ತದೆ. ನೋವು ಬಂದ ಮೇಲೆ ಮಾಡುವುದಲ್ಲ, ಬರುವ ಮೊದಲೇ ಪ್ರತಿ ಅರ್ಧ ಮೀಟರಿಗೆ ಮಾಡುತ್ತ ಇಳಿಯಬೇಕು. ಆಗದಿದ್ದರೆ ನಿಲ್ಲಿ, ಕಿವಿ ತೋರಿಸಿ, ಸ್ವಲ್ಪ ಮೇಲೆ ಬಂದು ಮತ್ತೆ ಪ್ರಯತ್ನಿಸಿ. ಆಗಲೂ ಆಗದಿದ್ದರೆ ಆ ದಿನದ ಡೈವ್ ಅಲ್ಲಿಗೆ ಮುಗಿಯಿತು. ಜೋರಾಗಿ ಊದಬೇಡಿ. ನೋವು ಸಹಿಸಿಕೊಂಡು ಇಳಿದರೆ ಕಿವಿತಮಟೆ ಹರಿಯಬಹುದು. ನೋವು ನಿಮಗೊಬ್ಬರಿಗೇ ಗೊತ್ತಾಗುವುದು. ಮಾಸ್ಕಿನ ಹಿಂದಿನ ಮುಖ ನೋಡಿ ಇನ್‌ಸ್ಟ್ರಕ್ಟರಿಗೆ ತಿಳಿಯುವುದಿಲ್ಲ.

8. ಸನ್ನೆ, ಮತ್ತು ಬೇಡ ಅನ್ನುವ ಹಕ್ಕು

ನೀರಿನಡಿ ಮಾತಿಲ್ಲ, ಸನ್ನೆ ಮಾತ್ರ. ನಮ್ಮವರು ಎಡವುವುದು ಹೆಬ್ಬೆರಳಿನಲ್ಲಿ. ಖುಷಿಯಾಗಿದೆ ಅಂತ ಹೆಬ್ಬೆರಳು ಎತ್ತಿದರೆ ಅದರ ಅರ್ಥ ‘ನನ್ನನ್ನು ಮೇಲೆ ಕರೆದುಕೊಂಡು ಹೋಗು’. ಎಲ್ಲ ಸರಿ ಇದೆ ಅನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ ಮಾಡಬೇಕು. ತೊಂದರೆ ಇದ್ದರೆ ಅಂಗೈ ಚಪ್ಪಟೆ ಹಿಡಿದು ಆಚೀಚೆ ಅಲ್ಲಾಡಿಸಿ, ಎಲ್ಲಿ ಅಂತ ಬೆರಳು ತೋರಿಸಬೇಕು. ಗಾಳಿ ಬರುತ್ತಿಲ್ಲ ಅಂದರೆ ಗಂಟಲಿನ ಮುಂದೆ ಕೈ ಅಡ್ಡ ಎಳೆಯಬೇಕು. ದೋಣಿಯಲ್ಲೇ ಇವನ್ನು ಇನ್‌ಸ್ಟ್ರಕ್ಟರಿಗೆ ವಾಪಸ್ ಮಾಡಿ ತೋರಿಸಿ.

ಆಳಕ್ಕೆ ಹೋಗುವ ಮೊದಲು ಮೇಲ್ಮೈಯ ಹತ್ತಿರವೇ ಮೂರು ಅಭ್ಯಾಸ ಮಾಡಿಸಬೇಕು. ಬಾಯಿಯಿಂದ ರೆಗ್ಯುಲೇಟರ್ ತೆಗೆದು ಮತ್ತೆ ಹಾಕಿಕೊಳ್ಳುವುದು, ಮಾಸ್ಕಿನ ನೀರು ಹೊರಹಾಕುವುದು, ಕಿವಿ ಬಿಡಿಸುವುದು. ರೆಗ್ಯುಲೇಟರ್ ಹೊರಗಿರುವಾಗಲೂ ಸಣ್ಣ ಗುಳ್ಳೆ ಬಿಡುತ್ತಿರಬೇಕು. ಮಾಡಿಸದೆ ಸೀದಾ ಇಳಿಸಲು ಹೊರಟರೆ ನೀವೇ ಕೇಳಿ. ಸಾಮಾನನ್ನೂ ಒಮ್ಮೆ ನೀವೇ ನೋಡಿ. ಸಿಲಿಂಡರಿನ ಗಾಳಿ ತೋರಿಸುವ ಮೀಟರಿನ ಮುಳ್ಳು 200 ಬಾರ್ (ಬಾರ್ ಅಂದರೆ ಒತ್ತಡದ ಅಳತೆ) ಹತ್ತಿರ ಇದೆಯಾ? ಉಸಿರೆಳೆದಾಗ ಮುಳ್ಳು ನಡುಗದೆ ನಿಂತಿದೆಯಾ? ಗಾಳಿಗೆ ಎಣ್ಣೆಯ ವಾಸನೆ ಇದೆಯಾ? ಮುಳುಗಲು ಸೊಂಟಕ್ಕೆ ಕಟ್ಟುವ ಭಾರದ ಬೆಲ್ಟಿನ ಬಕಲ್ ಒಂದೇ ಕೈಯಲ್ಲಿ ಬಿಚ್ಚಲು ಬರುತ್ತದಾ? ಇಷ್ಟಕ್ಕೆ ಎರಡು ನಿಮಿಷ ಸಾಕು.

ಡೈವರುಗಳ ನಡುವೆ ಹಳೆಯ ಒಪ್ಪಂದ ಒಂದಿದೆ. ಯಾರು ಬೇಕಾದರೂ, ಯಾವ ಹೊತ್ತಿನಲ್ಲಿ ಬೇಕಾದರೂ, ಕಾರಣ ಹೇಳದೆ ಡೈವ್ ನಿಲ್ಲಿಸಬಹುದು. ಯಾಕೆ ಅಂತ ಉಳಿದವರು ಕೇಳುವಂತಿಲ್ಲ. ನಮ್ಮ ಗೆಳೆಯರ ಗುಂಪಿನಲ್ಲಿ ಇದು ನಡೆಯುವುದು ಕಷ್ಟ. “ಇಷ್ಟು ದೂರ ಬಂದೀವಿ, ರೊಕ್ಕ ಕೊಟ್ಟೀವಿ, ಈಗ ಅಂಜಿದ್ರ ಹೆಂಗಲೇ” ಅಂತ ಶುರುವಾಗುತ್ತದೆ. ಅದಕ್ಕೇ ಈ ಒಪ್ಪಂದವನ್ನು ಗಾಡಿ ಹತ್ತುವ ಮೊದಲೇ ಎಲ್ಲರ ಮುಂದೆ ಮಾತಾಡಿಕೊಳ್ಳಿ. ಯಾರು ಬೇಡ ಅಂದರೂ ಚೇಷ್ಟೆ ಮಾಡುವಂತಿಲ್ಲ, ವಾಪಸ್ ಬಂದ ಮೇಲೂ ಇಲ್ಲ. ಗುಂಪಿನ ಹಿರಿಯ, ಎಲ್ಲರೂ ಅಣ್ಣ ಅನ್ನುವವನು, ಇದನ್ನು ಹೇಳಿದರೆ ನಡೆಯುತ್ತದೆ. ಕಿರಿಯವರು ಹೇಳಿದರೆ ಅಂಜುಬುರುಕ ಅನಿಸಿಕೊಳ್ಳುತ್ತಾರೆ.

9. ಕೆಳಗೆ ಇರುವಾಗ

ಉಸಿರಾಡಿ. ಏನನ್ನೂ ಮುಟ್ಟಬೇಡಿ. ಇನ್‌ಸ್ಟ್ರಕ್ಟರಿಂದ ದೂರ ಹೋಗಬೇಡಿ. ಕ್ಯಾಮೆರಾ ಕಡೆ ನೋಡುವುದಕ್ಕಿಂತ ಮುಳ್ಳಿನ ಕಡೆ ನೋಡಿ.

ಕೋರ್ಸ್ ಮಾಡಿದವರಿಗೆ ಗಾಳಿಯ ಲೆಕ್ಕ ಸ್ವಂತದ್ದು. 12 ಲೀಟರಿನ ಸಿಲಿಂಡರಿಗೆ 200 ಬಾರ್ ತುಂಬಿದರೆ 2400 ಲೀಟರ್ ಗಾಳಿ. ಅದರಲ್ಲಿ 50 ಬಾರ್, ಅಂದರೆ 600 ಲೀಟರ್, ಮುಟ್ಟಬಾರದ ದುಡ್ಡು. ಉಳಿದದ್ದು 1800. ಮೇಲ್ಮೈಯಲ್ಲಿ ನಿಮಿಷಕ್ಕೆ 20 ಲೀಟರ್ ಉಸಿರಾಡುವವನಿಗೆ 10 ಮೀಟರಿನಲ್ಲಿ 40 ಬೇಕು, ಅಲ್ಲಿಗೆ 45 ನಿಮಿಷ. 18 ಮೀಟರಿನಲ್ಲಿ 56 ಬೇಕು, ಬರೇ 32 ನಿಮಿಷ. ಗಾಬರಿಯಾದರೆ ಇದೂ ಅರ್ಧವಾಗಬಹುದು. ಮೊದಲು ಹೇಳಿದ ಡ್ಯಾನ್ ಪರಿಶೀಲನೆಯಲ್ಲಿ, ಅನಾಹುತ ಶುರುವಾದದ್ದು ಹೇಗೆ ಅಂತ ಗೊತ್ತಾದ ಪ್ರಕರಣಗಳಲ್ಲಿ ನೂರಕ್ಕೆ 41ರಷ್ಟು ಗಾಳಿ ಸಾಲದೆ ಹೋದದ್ದರಿಂದ. ಸಾಮಾನು ಕೆಟ್ಟು ಶುರುವಾದದ್ದು ನೂರಕ್ಕೆ 15. ಗಾಳಿ ತೋರಿಸುವ ಮೀಟರನ್ನು ಜೊತೆಗೇ ಇಟ್ಟುಕೊಂಡು ಹೋದವರ ಕಥೆ ಇದು. ಅದಕ್ಕೇ ಜೊತೆಗಾರನನ್ನೋ ಗೈಡನ್ನೋ ನಂಬಿಕೊಂಡು ಮುಳ್ಳು ನೋಡದೆ ಇರುವವನನ್ನು ನಾನು ಧೈರ್ಯವಂತ ಅನ್ನುವುದಿಲ್ಲ.

ಮೇಲೆ ಬರುವಾಗ ನಿಧಾನ. ನಿಮಿಷಕ್ಕೆ 9-10 ಮೀಟರಿಗಿಂತ ವೇಗ ಬೇಡ. 5 ಮೀಟರಿನಲ್ಲಿ 3 ನಿಮಿಷ ನಿಂತು ಬರುವುದು ವಾಡಿಕೆ.

10. ವಾಪಸ್ ಬರುವ ದಾರಿ ಘಟ್ಟದ ಮೇಲೆ

ಇದು ನಮ್ಮಂಥ ಬಯಲುಸೀಮೆಯವರಿಗೇ ಬೇಕಾದ ವಿಷಯ. ಒತ್ತಡದಲ್ಲಿ ಉಸಿರಾಡಿದ ಗಾಳಿಯ ನೈಟ್ರೋಜನ್ ದೇಹದಲ್ಲಿ ಕರಗಿರುತ್ತದೆ, ಹೊರಹೋಗಲು ಗಂಟೆಗಟ್ಟಲೆ ಬೇಕು. ಅಷ್ಟರೊಳಗೆ ಎತ್ತರಕ್ಕೆ ಹೋದರೆ, ಅಂದರೆ ಹೊರಗಿನ ಒತ್ತಡ ಇನ್ನೂ ಕಡಿಮೆಯಾದರೆ, ಅದು ಗುಳ್ಳೆಯಾಗಬಹುದು. ವಿಮಾನಕ್ಕೆ ಡ್ಯಾನ್ ಹೇಳುವ ಕನಿಷ್ಠ ಕಾಯುವಿಕೆ ಹೀಗಿದೆ: ಒಂದೇ ಡೈವ್ ಆಗಿದ್ದರೆ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನ ಆಗಿದ್ದರೆ 18 ಗಂಟೆ. ಇದು ಸುಮಾರು 600ರಿಂದ 2400 ಮೀಟರ್ ಎತ್ತರಕ್ಕೆ ಅನ್ವಯಿಸುವ ಮಾತು.

ರಸ್ತೆಯಲ್ಲಿ ಬರುವವರೂ ಅಂಕೋಲೆ ದಾಟಿ ಘಟ್ಟ ಹತ್ತಿ ಯಲ್ಲಾಪುರಕ್ಕೆ ಬರುವಷ್ಟರಲ್ಲಿ ಸಮುದ್ರಮಟ್ಟದಿಂದ 500 ಮೀಟರ್ ಮೇಲಿರುತ್ತಾರೆ. ಕಲಬುರಗಿ ಸುಮಾರು 450 ಮೀಟರ್ ಎತ್ತರದಲ್ಲಿದೆ, ಬೀದರ 600ಕ್ಕೂ ಮೇಲೆ. ಒಂದು ಸಣ್ಣ ಟ್ರೈ ಡೈವಿಗೆ ಇದರಿಂದ ತೊಂದರೆಯಾಗುವುದು ಅಪರೂಪ. ಆದರೆ ಎರಡು ದಿನ ನಾಲ್ಕು ಡೈವ್ ಮಾಡಿ ಅದೇ ಸಂಜೆ ಘಟ್ಟ ಹತ್ತುವುದಕ್ಕಿಂತ ಇನ್ನೊಂದು ರಾತ್ರಿ ದಡದಲ್ಲೇ ಮಲಗುವುದು ಜಾಣತನ. ಹೇಗೂ ಗುಡಿ ನೋಡುವುದು ಬಾಕಿ ಇರುತ್ತದೆ.

ಮನೆಗೆ ಬಂದ ಮೇಲೆ ಒಂದು ದಿನ ಮೈಮೇಲೆ ಗಮನ ಇರಲಿ. ಕೀಲುಗಳಲ್ಲಿ ಆಳದ ನೋವು, ಕೈಕಾಲು ಜುಮ್ಮೆನ್ನುವುದು, ಚರ್ಮದ ಮೇಲೆ ಕಲೆ, ತಲೆ ಸುತ್ತು, ಲೆಕ್ಕಕ್ಕೆ ಮೀರಿದ ಸುಸ್ತು, ಮೂತ್ರ ಕಟ್ಟುವುದು, ಇವು ಕಂಡರೆ ಪ್ರಯಾಣದ ದಣಿವು ಅಂತ ಮಲಗಿಬಿಡಬೇಡಿ. ಎದೆನೋವು, ಉಸಿರಾಟದ ಕಷ್ಟ, ಒಂದು ಕಡೆ ಬಲ ಕಳೆದುಕೊಳ್ಳುವುದು ಡೈವ್ ಮುಗಿದ ಕೂಡಲೇ ಬಂದರೆ ಅಲ್ಲೇ ಆಮ್ಲಜನಕ ಕೇಳಿ, ಮಲಗಿ, ದಡದ ಆಸ್ಪತ್ರೆಗೆ ಹೋಗಿ. ಕಲಬುರಗಿಯಲ್ಲಿ ತೋರಿಸಬೇಕಾಗಿ ಬಂದರೆ ಮೊದಲ ವಾಕ್ಯದಲ್ಲೇ “ನಾನು ಸ್ಕೂಬಾ ಡೈವ್ ಮಾಡಿ ಬಂದಿದ್ದೇನೆ” ಅನ್ನಿ. ಇಲ್ಲದಿದ್ದರೆ ಗ್ಯಾಸ್, ವಾಯು ಅಂತ ಇಂಜೆಕ್ಷನ್ ಕೊಟ್ಟು ಕಳಿಸುವ ಸಾಧ್ಯತೆಯೇ ಜಾಸ್ತಿ. ನೂರಕ್ಕೆ ನೂರು ಆಮ್ಲಜನಕ ಮೊದಲ ಚಿಕಿತ್ಸೆ. ಆಮೇಲೆ ಬೇಕಾಗುವುದು ಒತ್ತಡದ ಕೋಣೆ, ಅಂದರೆ ರಿಕಂಪ್ರೆಷನ್ ಚೇಂಬರ್. ‘ಹೈಪರ್‌ಬಾರಿಕ್’ (ಹೆಚ್ಚಿನ ಒತ್ತಡದ ಚಿಕಿತ್ಸೆ) ಅಂತ ಬೋರ್ಡ್ ಇರುವ ಎಲ್ಲ ಕಡೆ ಡೈವಿಂಗ್ ಕೇಸು ತೆಗೆದುಕೊಳ್ಳುವುದಿಲ್ಲ, ಹೊರಡುವ ಮೊದಲು ಫೋನ್ ಮಾಡಿ ಕೇಳಿಸಿ. ಡಾಕ್ಟರು ಕೇಳುವುದು ಎಷ್ಟು ಆಳ, ಎಷ್ಟು ನಿಮಿಷ, ಮೇಲೆ ಬಂದದ್ದು ಎಷ್ಟು ಗಂಟೆಗೆ ಅಂತ. ಆಳ ಎಷ್ಟಿತ್ತು ಅಂತ ಇನ್‌ಸ್ಟ್ರಕ್ಟರನ್ನು ದೋಣಿಯಲ್ಲೇ ಕೇಳಿ ಬರೆದುಕೊಳ್ಳಿ. ನಿಮಿಷ, ಗಂಟೆ ಬರೆದಿಲ್ಲದಿದ್ದರೆ ಅವರು ಕೊಟ್ಟ ವಿಡಿಯೊ ಫೈಲಿನಲ್ಲಿ ಸಮಯ ಸಿಗಬಹುದು. ಅದಕ್ಕೇ ವಾಟ್ಸಾಪಿನಲ್ಲಿ ಬಂದ ಕಾಪಿ ಸಾಲದು, ಮೂಲ ಫೈಲನ್ನೇ ಕೇಳಿ ಇಟ್ಟುಕೊಳ್ಳಿ.